ಸರ್ಕಾರಿ ಸೊಪ್ಪು

ಬರುವ ಸಾಹೇಬರಿಗೆ ಬರೀ ನೀರು ಕೊಟ್ಟರೆ ಚೆನ್ನಾಗಿರುವುದಿಲ್ಲ ಎಂದು ಲಿನ್ವಲ್ ಬನ್ನು, ಚೀಸು ತರಲು ಕೆಳಗಿನ ಅಂಗಡಿಗೆ ಹೋದ. ಅಷ್ಟೇ ಅವನು ಮಾಡಿದ ತಪ್ಪು.

ಇನ್ನೊಂದು ತಪ್ಪೂ ಇತ್ತು ಅನ್ನಿ. ಸಾಹೇಬರು ಬರುವ ಸಂಗತಿಯನ್ನು ಅವನು ಬ್ರೆಡ್‌ನಟ್ ಗುಡ್ಡದಲ್ಲಿ ಯಾರಿಗೂ ಹೇಳಿರಲಿಲ್ಲ. ಜಮೈಕಾ ಸರ್ಕಾರ ಔಷಧಿಗೆಂದು ಗಾಂಜಾ ಬೆಳೆಸಲು ಗುಡ್ಡಕ್ಕೊಬ್ಬ ರೈತನನ್ನು ಆರಿಸುತ್ತಿತ್ತು. ಪರವಾನಗಿ ಅವರದೇ, ಬೇಲಿ ಅವರದೇ, ನೀರಿನ ಟ್ಯಾಂಕೂ ಅವರದೇ. ಬೆಳೆದ ಸೊಪ್ಪನ್ನು ಕೊಳ್ಳುವವರೂ ಅವರೇ. ಆರೋಗ್ಯ ಇಲಾಖೆಯವರು ಬಂದು ಸಸಿಗಳನ್ನು ಕಣ್ಣಾರೆ ನೋಡಿ ಒಪ್ಪಿದರೆ ಮುಗಿಯಿತು. ಲಿನ್ವಲ್ ಇದೇ ಸೊಪ್ಪಿಗಾಗಿ ಎರಡು ಸಲ ಲಾಕಪ್ಪಿನಲ್ಲಿ ಕೂತು ಬಂದವನು. ಜೀಪಿನ ಸದ್ದು ಕೇಳಿದರೆ ಇವತ್ತಿಗೂ ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಸಾಯುವುದರೊಳಗೆ ಒಂದು ಬೆಳೆಯನ್ನಾದರೂ ಹೆದರದೆ ಬೆಳೆಯಬೇಕು ಎನ್ನುವುದು ಪಾಪ ಅವನ ಒಂದೇ ಆಸೆ. ನೆರೆಯವರ ಕಣ್ಣು ಬೀಳದಿರಲಿ ಎಂದು ಬಾಯಿ ಹೊಲಿದುಕೊಂಡಿದ್ದ.

ಆ ಗುಡ್ಡದಲ್ಲಿ ಒಂದು ಹಳೆಯ ಪದ್ಧತಿ. ಸೇತುವೆಯ ಹತ್ತಿರ ಸರ್ಕಾರದ ಜೀಪು ಕಂಡವರು ತಗಡು ಬಡಿಯಬೇಕು. ತಗಡಿನ ಸದ್ದು ಕೇಳಿದವರು ಯಾರ ಗಿಡ ಎಂದು ನೋಡದೆ ಎತ್ತಿ ಬಚ್ಚಿಡಬೇಕು. ಮನೆಗೆ ಐದು ಗಿಡ ಬೆಳೆಯಬಹುದು ಎಂದು ಕಾನೂನು ಬಂದು ವರ್ಷಗಳಾಗಿವೆ, ನಿಜ. ಆದರೆ ಐದಕ್ಕೇ ಕೈ ತಡೆಯುವ ರೈತ ಅಲ್ಲಿ ಇನ್ನೂ ಹುಟ್ಟಿಲ್ಲ.

ಅಂಗಡಿಯಲ್ಲಿದ್ದಾಗಲೇ ತಗಡಿನ ಸದ್ದು ಕೇಳಿತು. ಲಿನ್ವಲ್ ಬನ್ನು ಕಂಕುಳಲ್ಲಿಟ್ಟುಕೊಂಡು ಏದುಸಿರು ಬಿಡುತ್ತ ಹತ್ತಿ ಬಂದರೆ, ಹಿತ್ತಲು ಬೋಳಿಸಿದ ತಲೆಯ ಹಾಗಿತ್ತು. ಬಣ್ಣದ ಡಬ್ಬಗಳಲ್ಲಿ, ಕಪ್ಪು ಚೀಲಗಳಲ್ಲಿ ಮಕ್ಕಳಂತೆ ಸಾಕಿದ್ದ ಸಸಿಗಳಲ್ಲಿ ಒಂದೂ ಇಲ್ಲ. ಪಕ್ಕದ ಮನೆಯ ಮುದುಕ ಮಾಸ್ ಹೆಡ್ಲಿ ಬೇಲಿಯ ಮೇಲೆ ಕೈಯೂರಿ ನಿಂತಿದ್ದ.

“ಮಾಸ್ ಹೆಡ್ಲಿ, ನನ್ನ ಗಿಡ ಎಲ್ಲಿ?”

“ಯಾವ ಗಿಡ? ಇಲ್ಲಿ ಯಾವತ್ತಪ್ಪಾ ಗಿಡ ಇತ್ತು?” ಎಂದು ಮುದುಕ ಕಣ್ಣು ಹೊಡೆದ.

“ಅಯ್ಯೋ, ಅವರು ಪೊಲೀಸ್ ಅಲ್ಲ! ನಾನೇ ಕರೆಸಿದ್ದು, ಗಿಡ ನೋಡೋಕೆ!”

“ಹಂಗೆ ಹೇಳು ಅಂತ ಹೊಡೆದ್ರಾ ಮಗಾ?” ಮಾಸ್ ಹೆಡ್ಲಿಯ ಕಣ್ಣಲ್ಲಿ ಕರುಣೆ ಉಕ್ಕಿತು. “ನನ್ನ ಮೂಳೆ ಮುರಿದ್ರೂ ಹೇಳಲ್ಲ, ಹೋಗು.”

ಅಷ್ಟರಲ್ಲಿ ಮಿಸ್ ಐಸಿಲ್ಡಾ ಏಪ್ರನ್ನಿನಲ್ಲಿ ಕೈ ಒರೆಸುತ್ತ ಬಂದಳು. ದಾರಿಯ ತಿರುವಿನಲ್ಲಿ ಅವಳ ಮನೆ. ಇಡೀ ಗುಡ್ಡದ ಒಳಿತನ್ನು ದೇವರು ತನಗೇ ವಹಿಸಿದ್ದಾನೆ ಎಂದು ನಂಬಿದ ಚರ್ಚಿನ ಹೆಂಗಸು.

“ಚಿಂತೆ ಬಿಡೋ. ಎಲ್ಲಾ ನಾನು ನೋಡ್ಕೊಂಡಿದೀನಿ. ಪ್ರಾಣ ಹೋದ್ರೂ ಬಾಯಿ ಬಿಡಲ್ಲ.”

“ದೇವರಾಣೆ ಬಾಯಿ ಬಿಡಿ ಮಿಸ್ ಐಸಿಲ್ಡಾ!”

“ಶ್! ಜೀಪು ಬಂತು. ನಗ್ತಾ ನಿಂತ್ಕೋ.”

ಜೀಪಿನಿಂದ ಟೋಪಿ ಹಾಕಿದ ದಪ್ಪನೆಯ ಅಧಿಕಾರಿ ಇಳಿದು ಬೋಳು ಹಿತ್ತಲನ್ನು ಒಂದು ಸುತ್ತು ನೋಡಿದ. ಲಿನ್ವಲ್‌ಗೆ ತಡೆಯಲಾಗಲಿಲ್ಲ.

“ನಂಬಿ ಸಾರ್! ಇಲ್ಲಿ ಹಿತ್ತಲು ತುಂಬ ಗಾಂಜಾ ಇತ್ತು!”

ಮಾಸ್ ಹೆಡ್ಲಿ ಕಣ್ಣು ಮುಚ್ಚಿಕೊಂಡ. ಮಿಸ್ ಐಸಿಲ್ಡಾ ಪ್ರಾರ್ಥನೆ ಶುರುಮಾಡಿ, ಹಾಗೇ ಹೆಜ್ಜೆ ಸರಿಸುತ್ತ ತನ್ನ ಮನೆಯ ಕಡೆ ಜಾರಿಕೊಂಡಳು.

“ಇತ್ತಾ?” ಎಂದ ಅಧಿಕಾರಿ.

“ಮೀಸೆ ಮೂಡಿದಾಗಿನಿಂದ ಬೆಳೀತಿದ್ದೆ ಸಾರ್!”

“ಈಗ?”

“ಈಗ ಒಂದೂ ಇಲ್ಲ!” ಲಿನ್ವಲ್‌ಗೆ ಕಣ್ಣೀರು ಬಂತು.

ನೋಡಿದರೆ ಅಧಿಕಾರಿಯ ಕಣ್ಣೂ ಒದ್ದೆ. ಅವನು ಲಿನ್ವಲ್‌ನನ್ನು ಬಾಚಿ ತಬ್ಬಿಕೊಂಡ. “ಇಡೀ ಜಿಲ್ಲೆ ಸುತ್ತಿದೀನಪ್ಪಾ. ಎಲ್ಲರೂ ‘ಬೆಳೆದೇ ಇಲ್ಲ’ ಅಂತ ಸುಳ್ಳು ಹೇಳಿದ್ರು. ಬೆಳೀತಿದ್ದೆ, ಈಗ ಇಲ್ಲ ಅಂತ ಅಳ್ತಾ ಹೇಳಿದವನು ನೀನೊಬ್ಬನೇ. ನಿನ್ನಂಥವನನ್ನೇ ಸರ್ಕಾರ ಹುಡುಕ್ತಿರೋದು!”

ಸತ್ಯಕ್ಕೆ ಇಷ್ಟು ಬೆಲೆಯಿದೆ ಎಂದು ಲಿನ್ವಲ್‌ಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೈ ಕುಲುಕಿದ್ದಾಯಿತು, ಫೋಟೋ ತೆಗೆದಿದ್ದಾಯಿತು. ಡ್ರೈವರು ದಾರಿಗೆ ಮುಖಮಾಡಿ ಒಂದು ಬೋರ್ಡು ನೆಟ್ಟ, ಬಾಗಿಲ ಬಳಿ ಒಂದು ಮೂಟೆ ಇಳಿಸಿದ. ಅಧಿಕಾರಿ ಬನ್ನು, ಚೀಸು ಎರಡನ್ನೂ ಚೂರೂ ಬಿಡದೆ ತಿಂದು ಹೊರಟ. ಲಿನ್ವಲ್ ಒಳಗೆ ಹೋಗಿ ಒಂದು ಗುಟುಕು ರಮ್ ಕುಡಿದು ಒಬ್ಬನೇ ಕುಣಿದ.

ಕುಣಿತ ಮುಗಿಯುವ ಮೊದಲೇ ಒಂದು ಬಿಳಿ ಕಾರು ಬಂದು ನಿಂತಿತು. ಕಾರಿನಲ್ಲಿದ್ದ ಹೆಂಗಸು ಬೋರ್ಡು ಓದಿದಳು, ಬೋಳು ಹಿತ್ತಲು ನೋಡಿದಳು, ಇಳಿಯಲೇ ಇಲ್ಲ.

“ಯಾರಮ್ಮಾ ತಾವು?” ಎಂದು ಲಿನ್ವಲ್ ಓಡಿಬಂದ.

“ಆರೋಗ್ಯ ಇಲಾಖೆ. ನಿಮ್ಮ ಗಾಂಜಾ ಸಸಿ ನೋಡೋಕೆ ಬಂದಿದ್ದೆ. ಪರವಾಗಿಲ್ಲ ಬಿಡಿ, ಒಳ್ಳೆ ದಾರಿನೇ ಹಿಡಿದಿದೀರಿ” ಎಂದು ಅವಳು ಕಾರು ತಿರುಗಿಸಿಯೇಬಿಟ್ಟಳು.

ಲಿನ್ವಲ್ ಕೂಗುತ್ತ ಕಾರಿನ ಹಿಂದೆ ಓಡಿ, ಧೂಳು ತಿಂದು, ವಾಪಸ್ಸು ಬಂದು ಬೋರ್ಡಿನ ಮುಂದೆ ನಿಂತ. ‘ಕೃಷಿ ಇಲಾಖೆಯ ಮಾದರಿ ತೋಟ. ಈ ರೈತ ಗಾಂಜಾ ಬಿಟ್ಟು ಆಲೂಗಡ್ಡೆ ಹಿಡಿದಿದ್ದಾನೆ. ಇಲ್ಲಿ ಒಂದು ಗಾಂಜಾ ಗಿಡ ಕಂಡರೂ ಕೂಡಲೇ ತಿಳಿಸಿ.’ ಕೆಳಗೆ ಫೋನ್ ನಂಬರು. ಒಂದು ಇಲಾಖೆ ಬೆಳೆಸಲು ದುಡ್ಡು ಕೊಡುತ್ತದೆ, ಇನ್ನೊಂದು ಬಿಡಿಸಲು ಕೊಡುತ್ತದೆ. ಎರಡೂ ಒಂದೇ ದಿನ ತನ್ನ ಮನೆಗೇ ಬರಬೇಕೆ! ಅವನು ಆಲೂಗಡ್ಡೆ ಮೂಟೆಯ ಮೇಲೆ ಕುಸಿದು ಕೂತ.

ಸಂಜೆ ಮಿಸ್ ಐಸಿಲ್ಡಾ ಬಂದಾಗಲೂ ಹಾಗೇ ಕೂತಿದ್ದ.

“ನಿನ್ನ ಉಳಿಸಿದೆ ಕಣೋ! ಬಿಳಿ ಕಾರಿನೋಳು ನೀರು ಕೇಳ್ಕೊಂಡು ನಮ್ಮನೆಗೆ ಬಂದ್ಲು. ಹಿಂದ್ಗಡೆ ಹೋಗಿ ಗಿಡ ಎಲ್ಲಾ ನೋಡಿಬಿಟ್ಲು. ‘ಯಾರದು?’ ಅಂದ್ಲು. ನಿನ್ನ ಹೆಸರು ಹೇಳ್ತೀನಾ ನಾನು? ಎಲ್ಲಾ ನಂದೇ, ಜೈಲಿಗೆ ಹಾಕು ಅಂತ ಎರಡೂ ಕೈ ಚಾಚಿದೆ.”

“ಆಮೇಲೆ?” ಲಿನ್ವಲ್‌ನ ದನಿ ಬಾವಿಯೊಳಗಿಂದ ಬಂದಂತಿತ್ತು.

“ಅದೇ ನಂಗೂ ಅರ್ಥ ಆಗ್ಲಿಲ್ಲ. ಕೋಳ ಹಾಕೋ ಬದಲು ಕೈಗೆ ಪರವಾನಗಿ ಇಟ್ಲು. ಇಷ್ಟು ಚೆಂದದ ಸಸಿ ಎಲ್ಲೂ ನೋಡಿಲ್ಲ ಅಂದ್ಲು. ಬೇಲಿ, ಟ್ಯಾಂಕು ಎಲ್ಲಾ ಕೊಡ್ತಾರಂತೆ. ಗುಡ್ಡಕ್ಕೆ ಒಬ್ಬರಿಗೇ ಅಂತೆ!”

ಲಿನ್ವಲ್ ಬೋರ್ಡಿನ ಕಡೆ ತಿರುಗಿ ನೋಡಿದ.

“ನಿನ್ನ ಮರೀಲಿಲ್ಲ ಕಣೋ. ಕಾವಲಿಗೆ ಒಬ್ಬರು ಬೇಕು ಅಂದ್ಲು. ನಮ್ಮ ಲಿನ್ವಲ್ ಇದಾನೆ ಅಂದೆ. ‘ಬೇಡಮ್ಮಾ, ಅವರು ಕಷ್ಟಪಟ್ಟು ಗಾಂಜಾ ಬಿಟ್ಟಿದಾರೆ, ಅವರನ್ನ ಇದರ ಹತ್ರಕ್ಕೂ ಬಿಡಬೇಡಿ’ ಅಂದ್ಲು. ಅದಕ್ಕೇ ಮಾಸ್ ಹೆಡ್ಲಿಗೆ ಕೊಡಿಸಿದೆ. ಇದ್ಯಾಕೋ ಮುಖ ಹಿಂಗೆ? ಒಂದು ಥ್ಯಾಂಕ್ಸ್ ಆದ್ರೂ ಹೇಳೋ.”

ಲಿನ್ವಲ್ ಆಲೂಗಡ್ಡೆ ಮೂಟೆಯ ಮೇಲೆ ಕೂತೇ ಥ್ಯಾಂಕ್ಸ್ ಹೇಳಿದ.