ಮುಂದಿನ ಸೀಟಿನ ಟವಲು

ಹುಣಸಗಿಯ ಕಾಲುವೆ ಕಚೇರಿಯ ಗುಮಾಸ್ತ ತಾಯಪ್ಪನಿಗೆ ಆ ದಿನ ಒದಗಿದ ಗಂಡಾಂತರಕ್ಕೆಲ್ಲ ಕಾರಣ ಒಂದು ಟವಲು. ಬಿಳಿ ಟವಲು, ಕೆಂಪು ಅಂಚು. ಕೆಂಭಾವಿ ಸಂತೆಯಲ್ಲಿ ಹೆಂಡತಿ ಮೋನಮ್ಮ ಚೌಕಾಸಿ ಮಾಡಿ ಅಂಥ ಒಂದು ಜೋಡಿ ತಂದಿದ್ದಳು. ಒಂದು ಟ್ರಂಕು ಸೇರಿತು. ಇನ್ನೊಂದು ತಾಯಪ್ಪನ ಹೆಗಲೇರಿ, ಕಚೇರಿಯ ಮಸಿ ತಿಂದು, ಮೂಲೆಯಲ್ಲಿ ಅಂಗೈ ಅಗಲದ ನೀಲಿ ಕಲೆ ಮಾಡಿಕೊಂಡಿತು.

ತಾಯಪ್ಪ ಕೆಟ್ಟವನಲ್ಲ. ಅಂಜುಬುರುಕ, ಅಷ್ಟೇ. ಎತ್ತರದ ಜಾಗ ಕಂಡರೆ ದೂರದಿಂದಲೇ ಕೈ ಮುಗಿಯುತ್ತಿದ್ದ. ಕಾಲುವೆ ಕಚೇರಿಯಲ್ಲೇ ತಲೆ ನೆರೆತರೂ ಕಾಲುವೆಯ ಏರಿಯ ಮೇಲೆ ಒಮ್ಮೆಯೂ ನಿಂತವನಲ್ಲ. ಬಿಟ್ಟ ನೀರಿನ ಲೆಕ್ಕವನ್ನೆಲ್ಲ ಕುರ್ಚಿಯಲ್ಲಿ ಕೂತೇ ಬರೆದವನು. ಬಸ್ಸು ಸುರಪುರದ ಗುಡ್ಡ ಏರುವಾಗ ನಿದ್ದೆ ಬಂದವನಂತೆ ಕಣ್ಣು ಮುಚ್ಚುತ್ತಿದ್ದ. ಮದುವೆಯಾದ ಹೊಸತರಲ್ಲಿ ಮೋನಮ್ಮನನ್ನು ನಾರಾಯಣಪುರದ ಡ್ಯಾಂ ತೋರಿಸಲು ಕರೆದೊಯ್ದವನು, ಮೇಲಿನಿಂದ ಕೆಳಗೆ ನೋಡಿದ್ದೇ ತಡ, ಅವಳ ಕೈಯನ್ನು ಹೇಗೆ ಹಿಡಿದನೆಂದರೆ ಮರುದಿನ ಬಳೆಗಾರ್ತಿಯನ್ನು ಮನೆಗೆ ಕರೆಸಬೇಕಾಯಿತು. "ಬಿಸಿಲು ಹತ್ತಿತು" ಎಂದು ಹೇಳಿ ಮಾನ ಉಳಿಸಿಕೊಂಡ.

ಅಂದಿನಿಂದ ಮೋನಮ್ಮ "ಒಮ್ಮಿ ಸಮುದ್ರ ನೋಡಬೇಕ್ರಿ" ಅಂದಾಗಲೆಲ್ಲ ಅವನದು ಒಂದೇ ಉತ್ತರ: "ರಜಾ ಎಲ್ಲದ? ಕಾಲುವಿಗಿ ನೀರು ಬಿಟ್ಟಾರ." ನೀರು ನಿಲ್ಲಿಸಿದ ತಿಂಗಳಲ್ಲಿ ಕೇಳಿದರೆ, "ಕಾಲುವಿ ರಿಪೇರಿ ನಡದದ." ಸಮುದ್ರಕ್ಕೆ ಹೋಗಬೇಕಾದರೆ ಘಾಟು ಇಳಿಯಬೇಕು. ಘಾಟಿನಲ್ಲಿ ತಾನು ಕಿರುಚಿದರೆ ಆಮೇಲೆ ಹೆಂಡತಿಯ ಎದುರು ಮೀಸೆ ಇಟ್ಟುಕೊಂಡು ತಿರುಗುವುದು ಹೇಗೆ?

ಆ ದಿನ ಬೆಳಿಗ್ಗೆ ರೊಟ್ಟಿ, ಪುಂಡಿ ಪಲ್ಯ ತಿಂದು ಗಡಿಬಿಡಿಯಲ್ಲಿ ಹೊರಟ ತಾಯಪ್ಪನಿಗೆ ಬಸ್ ಸ್ಟ್ಯಾಂಡಿನ ಎದುರು ಮರಿಲಿಂಗಪ್ಪನ ಕ್ರೂಸರ್ ಗಾಡಿ ಕಂಡಿತು. ಮೈ ತೊಳೆದು, ಚೆಂಡು ಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಮೇಲೆ ಬಟ್ಟೆಯ ಬ್ಯಾನರು: 'ಕರಾವಳಿ ದರ್ಶನ, ಐದು ದಿನ, ಹನ್ನೆರಡೇ ಮಂದಿ!'

ಮರಿಲಿಂಗಪ್ಪನ ಟೂರಿಗೆ ರಸೀದಿ ಗಿಸೀದಿ ಇಲ್ಲ. ಬೇಕಾದ ಸೀಟಿಗೆ ಟವಲು ಹಾಕಿದರೆ ಸೀಟು ನಿಮ್ಮದು. ಬಸ್ಸಿನ ಕಿಟಕಿಯಲ್ಲಿ ಟವಲು ಎಸೆದು ಜಾಗ ಹಿಡಿದು ಬೆಳೆದ ಊರಿಗೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ.

"ಸಾಹೇಬ್ರ, ಒಂದ್ ಗಳಿಗಿ ಗಾಡಿಯೊಳಗ ಕುಂದರ್ರಿ," ಎಂದು ಮರಿಲಿಂಗಪ್ಪ ಕೈ ಹಿಡಿದ.

"ನಾ ಯಾಕೋ? ನಾ ಎಲ್ಲಿಗೂ ಬರಂಗಿಲ್ಲ."

"ಬರಬ್ಯಾಡ್ರಿ, ಬರೇ ಕುಂದರ್ರಿ. ಖಾಲಿ ಗಾಡಿ ಯಾರೂ ಹತ್ತಂಗಿಲ್ಲ. ನಿಮ್ಮಂಥ ದೊಡ್ಡ ಮನಷ್ಯಾ ಕುಂತಿದ್ದು ಕಂಡ್ರ ಮಂದಿ ತಾವಾಗೇ ಬರ್ತಾರ."

ಇದು ಆ ಸೀಮೆಯ ಗಾಡಿಯವರ ಹಳೆಯ ಯುಕ್ತಿ. 'ದೊಡ್ಡ ಮನುಷ್ಯ' ಎಂಬ ಮಾತಿಗೆ ತಾಯಪ್ಪ ಕರಗಿದ. ಡ್ರೈವರನ ಪಕ್ಕ ಇಬ್ಬರು ಹಿಡಿಯುವ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತ, ಮೀಸೆ ತಿರುವಿದ. ಗಾಡಿ ನಿಂತಿರುವಷ್ಟು ಹೊತ್ತು ಅವನಿಗೆ ಯಾವ ಗಾಡಿಯ ಭಯವೂ ಇರಲಿಲ್ಲ. ಆಮೇಲೆ ಇಳಿದು ಕಚೇರಿಗೆ ಹೋದ.

ಮಧ್ಯಾಹ್ನ ಹೆಡ್ ಗುಮಾಸ್ತ ಭಗವಂತರಾಯರು ಬಂದು ಅವನ ಬೆನ್ನು ಚಪ್ಪರಿಸಿದರು.

"ಶಾಬಾಸ್ ತಾಯಪ್ಪ! ಮುಂದಿನ ಸೀಟೇ ಹಿಡದೀಯಲ್ಲೋ! ನೀ ಹೊಂಟೀ ಅಂತ ಗೊತ್ತಾಗಿ ನಾನೂ ನಮ್ಮಾಕೀನೂ ಟವಲ್ ಹಾಕಿ ಬಂದಿವಿ."

"ನಾನೆಲ್ಲಿ ಹೊಂಟೀನ್ರಿ?"

"ಕೆಂಪು ಅಂಚಿನ ಟವಲ್ ಯಾರದು ಮತ್ತ? ಊರಿಗೆಲ್ಲ ಗೊತ್ತದ ಅದು."

ತಾಯಪ್ಪ ಹೆಗಲು ಮುಟ್ಟಿ ನೋಡಿಕೊಂಡ. ಹೆಗಲ ಮೇಲೆ ಟವಲಿರಲಿಲ್ಲ. ಗಾಡಿಯಲ್ಲೇ ಮರೆತೆನೇ! ಹೋಗಿ ತೆಗೆದುಕೊಂಡು ಬರೋಣವೆಂದು ಎದ್ದವನು ಬಾಗಿಲಲ್ಲೇ ನಿಂತ. ಎದುರಿಗೆ ಮೋನಮ್ಮ. ಊಟದ ಡಬ್ಬಿ ತರುವ ಪದ್ಧತಿಯೇ ಇಲ್ಲದವಳು ಅಂದು ಇಳಕಲ್ ಸೀರೆ ಉಟ್ಟು, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು.

"ಕಡಿಗೂ ಮನಸ್ ಮಾಡಿದ್ರಲ್ಲ," ಅಂದಳು. ಕಣ್ಣಲ್ಲಿ ನೀರು. "ಈ ಜನ್ಮಕ್ಕ ಸಮುದ್ರ ನೋಡಾದಿಲ್ಲ ಅಂತ ಮಾಡಿದ್ದೆ."

ಆ ಕಣ್ಣೀರು ನೋಡಿದ ಮೇಲೆ 'ಇಲ್ಲ' ಎನ್ನುವ ಗಂಡ ಎಲ್ಲಾದರೂ ಇದ್ದರೆ ಇರಬಹುದು, ತಾಯಪ್ಪ ಅಂಥವನಲ್ಲ. ಹೋಳಿಗೆ ಬಾಯಿಗಿಟ್ಟುಕೊಂಡ. ಅವಳು ಅತ್ತ ಹೋದದ್ದೇ ಇವನು ಇತ್ತ ಮರಿಲಿಂಗಪ್ಪನ ಹತ್ತಿರ ಓಡಿದ. ಗಾಡಿಯಲ್ಲಿ ಸಾಲಾಗಿ ಟವಲುಗಳು. ಮುಂದಿನ ಸೀಟಿನಲ್ಲಿ ಕೆಂಪು ಅಂಚಿನದು ಹಾವಿನಂತೆ ಮಲಗಿತ್ತು.

"ಮರಿಲಿಂಗಪ್ಪ, ಗಾಡಿ ತುಂಬಲಿಲ್ಲಂದ್ರ?"

"ತುಂಬಲಿಲ್ಲಂದ್ರ ಬಿಡಂಗಿಲ್ರಿ. ಡೀಸೆಲ್ ರೊಕ್ಕ ಸುದ್ದಾ ಹುಟ್ಟಂಗಿಲ್ಲ."

ತಾಯಪ್ಪನ ಹೋದ ಜೀವ ಬಂತು. ತಾನು ಬರುವುದಿಲ್ಲ ಎನ್ನಬೇಕಾಗಿಯೇ ಇಲ್ಲ. ಉಳಿದವರು ಬರದಿದ್ದರಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು!

ಮೊದಲು ಭಗವಂತರಾಯರನ್ನು ಹಿಡಿದ.

"ರಾಯರ, ಅರಬೈಲ್ ಘಾಟಿನ ಸಂಗತಿ ಗೊತ್ತದೇನ್ರಿ? ತಿರುವಿನಾಗ ಗಾಡಿ ಹೊಳ್ಳುವಾಗ ಹಿಂದಿನ ಗಾಲಿ ಒಂದು ಗೇಣು ಗಾಳ್ಯಾಗ ಇರ್ತದಂತ. ಕೆಳಗ ಬಿದ್ದ ಗಾಡಿ ಸಪ್ಪಳ ಮ್ಯಾಲ ಕೇಳಸಂಗಿಲ್ಲ, ಅಷ್ಟು ಆಳ."

ರಾಯರ ಕೈಯಲ್ಲಿದ್ದ ಅಡಕೊತ್ತು ನಿಂತಿತು. "ನಮ್ಮಾಕಿಗೆ ಬಿಪಿ ಅದ," ಎಂದು ತಮ್ಮ ಭಯವನ್ನು ಹೆಂಡತಿಯ ಲೆಕ್ಕಕ್ಕೆ ಬರೆದರು.

ಬಳಿಕ ಶಾಲೆಯ ಮುಂದೆ ಖುರ್ಷೀದಬೇಗಂ ಟೀಚರನ್ನು ಕಂಡ. ಅವರು ತಂಗಿಯ ಜೊತೆ ಹೊರಡಲು ಹಸಿರು ಓಢಣಿ ಹಾಕಿ ಸೀಟು ಹಿಡಿದಿದ್ದರು.

"ಟೀಚರಮ್ಮ, ಸಮುದ್ರ ಅಂದ್ರ ನಮ್ಮ ಕಾಲುವಿ ಅಲ್ರಿ. ಅದಕ್ಕ ಗೇಟಿಲ್ಲ. ನೀರು ಜಾಸ್ತಿ ಬಂತು, ಬಂದ್ ಮಾಡ್ರಿ ಅಂದ್ರ ಬಂದ್ ಮಾಡಾಕ ಅಲ್ಲಿ ನೌಕರರೇ ಇಲ್ಲ. ಪಾದದ ತಳಗಿನ ಉಸುಕು ಮೊದಲು ಎಳಕೋತದ, ಆಮ್ಯಾಲ ಮನಷ್ಯಾನ."

"ಯಾ ಅಲ್ಲಾ! ಗೇಟೇ ಇಲ್ಲೇನ್ರಿ ಭಾಯಿಸಾಬ್?" ಎಂದು ಟೀಚರು ಗೋಡೆ ಹಿಡಿದು ನಿಂತರು.

ಕೊನೆಗೆ ಪಕ್ಕದ ಮನೆಯ ಸುಂದ್ರಮ್ಮ. ಮಗಳು, ಅಳಿಯ, ಬೀಗರು ಎಲ್ಲರಿಗೂ ಸೇರಿ ಸೀಟು ಹಿಡಿದಿದ್ದಾಕೆ ಅವಳೇ. ಅವಳಿಗೆ ಹೇಳಿದರೆ ಡಂಗುರ ಸಾರುವ ಖರ್ಚು ಉಳಿಯುತ್ತದೆ.

"ಅಲ್ಲಿ ಇಂಬಳ ಅಂತ ಹುಳ ಅದಾವ ಸುಂದ್ರಮ್ಮ. ಕಾಲಿಗಿ ಹತ್ತಿದ್ದೂ ತಿಳಿಯಂಗಿಲ್ಲ. ರಕ್ತ ಕುಡದು ಹೆಬ್ಬಟ್ಟಿನಂಗ ಉಬ್ಬತಾವ. ರೊಟ್ಟಿ ಅಂತೂ ಕೇಳಲೇಬ್ಯಾಡ. ಮೂರೂ ಹೊತ್ತು ಅನ್ನ."

ಸುಂದ್ರಮ್ಮ ಹುಳಕ್ಕೆ ಅಷ್ಟು ಹೆದರಲಿಲ್ಲ. ಐದು ದಿನ ರೊಟ್ಟಿ ಇಲ್ಲ ಅಂದದ್ದಕ್ಕೆ ಎದೆ ಬಡಿದುಕೊಂಡಳು.

ಇಷ್ಟೆಲ್ಲ ಹೇಳುತ್ತ ಹೇಳುತ್ತ ಕೇಳಿದವರಿಗಿಂತ ಹೆಚ್ಚು ಬೆದರಿದವನು ತಾಯಪ್ಪನೇ. ಗಾಳಿಯಲ್ಲಿ ತೇಲುವ ಗಾಲಿ, ಗೇಟಿಲ್ಲದ ನೀರು, ರಕ್ತ ಕುಡಿಯುವ ಹುಳ ಮೂರೂ ಅವನ ತಲೆಯೊಳಗೇ ಮನೆ ಮಾಡಿದವು. ಬೆವರು ಒರೆಸಿಕೊಳ್ಳಲು ಹೆಗಲಿಗೆ ಕೈ ಹಾಕಿದರೆ ಟವಲು ಬೇರೆ ಇಲ್ಲ. ಅಂಗಿಯ ತೋಳಿನಲ್ಲೇ ಒರೆಸಿಕೊಂಡ.

ಹೊತ್ತು ಇಳಿಯುವಾಗ ಕ್ರೂಸರಿನ ಎದುರಿನ ಚಹಾದಂಗಡಿಯಲ್ಲಿ ಮಿರ್ಚಿ ಭಜಿ ಹಿಡಿದು ಕೂತು ತಾಯಪ್ಪ ತನ್ನ ಬೆಳೆಯ ಕೊಯ್ಲು ನೋಡತೊಡಗಿದ. ಭಗವಂತರಾಯರು ಬಂದು ತಮ್ಮ ಟವಲು ತೆಗೆದರು. ಟೀಚರು ಓಢಣಿ ತೆಗೆದರು. ಸುಂದ್ರಮ್ಮ ರೊಟ್ಟಿ ಕಟ್ಟುವ ಅರಿವೆಗಳನ್ನೆಲ್ಲ ಬಾಚಿಕೊಂಡಳು. ಮರಿಲಿಂಗಪ್ಪ ತಲೆಯ ಮೇಲೆ ಕೈ ಹೊತ್ತ. ಅವನನ್ನು ನೋಡಿ ತಾಯಪ್ಪನಿಗೆ ಪಾಪ ಅನ್ನಿಸಿತು. ಆದರೂ ಮಿರ್ಚಿ ರುಚಿಯಾಗಿತ್ತು.

"ಯಾರ್ ಹೇಳಿದ್ರಿ ನಿಮಗ ಇದೆಲ್ಲ?" ಎಂದು ಮರಿಲಿಂಗಪ್ಪ ಕೂಗಾಡಿದ.

"ತಾಯಪ್ಪನೇ ಹೇಳ್ಯಾನ," ಎಂದರು ರಾಯರು.

ಮರಿಲಿಂಗಪ್ಪ ಗಾಡಿಯೊಳಗೆ ಇಣುಕಿದ. ಆಮೇಲೆ ನಿಧಾನವಾಗಿ ಕೇಳಿದ: "ಅವರು ತಮ್ಮ ಟವಲ್ ತಗದಾರೇನ್ರಿ?"

ಎಲ್ಲರೂ ಇಣುಕಿದರು. ಮುಂದಿನ ಸೀಟಿನಲ್ಲಿ ಕೆಂಪು ಅಂಚು ಅಲ್ಲಾಡದೆ ಕೂತಿತ್ತು.

"ಹೌದಲ್ಲ ಯವ್ವಾ!" ಎಂದು ಸುಂದ್ರಮ್ಮ ಗಲ್ಲಕ್ಕೆ ಕೈ ಹಚ್ಚಿದಳು. "ಇಷ್ಟೆಲ್ಲ ಗೊತ್ತಿದ್ದೂ ಮುಂದಿನ ಸೀಟಿಗೇ ಟವಲ್ ಹಾಕ್ಯಾನಲ್ಲ! ಘಾಟಿನಾಗ ಮೊದಲು ಕಾಣೋದೇ ಅವಗ!"

"ಹುಲಿ ಅದಾನ್ರಿ ಹುಲಿ," ಎಂದರು ಭಗವಂತರಾಯರು. "ನಾನು ಬರೇ ಗುಮಾಸ್ತ ಅಂತ ತಿಳಕೊಂಡಿದ್ದೆ."

"ನಮಗ ಹುಷಾರ್ ಮಾಡಾಕ ಬಂದಿದ್ರು ಪಾಪ," ಎಂದರು ಟೀಚರು. "ಇಂಥಾವರು ಮುಂದ ಇದ್ರ ನಮಗ್ಯಾಕ ಫಿಕರ್?"

ಟವಲು, ಓಢಣಿ, ಅರಿವೆ ಎಲ್ಲ ಸೀಟಿಗೆ ಮರಳಿದವು. ನಿಂತು ನೋಡುತ್ತಿದ್ದವನೊಬ್ಬ ತನ್ನ ಹೆಗಲ ಮೇಲಿನದನ್ನೂ ಎಸೆದ. ಗಾಡಿ ತುಂಬಿಹೋಯಿತು. ಆಮೇಲೆ ಎಲ್ಲರೂ ಕೂಡಿ ಚಹಾದಂಗಡಿಗೆ ಬಂದು ತಾಯಪ್ಪನ ಸುತ್ತ ನಿಂತರು.

"ನೀವೇ ನಮ್ಮ ಲೀಡರ್! ನಸುಕಿನಾಗ ಬಿಡೋದು," ಎಂದ ಮರಿಲಿಂಗಪ್ಪ.

"ರಜಾ..." ಎಂದು ತಾಯಪ್ಪ ತೊದಲಿದ.

"ರಜಾ ಚಿಂತಿ ಬಿಡು," ಎಂದರು ರಾಯರು, "ಸಾಹೇಬ್ರ ಸಹಿ ನಾ ಮಾಡಿಸೀನಿ. ಇಬ್ಬರದೂ."

ಮಿರ್ಚಿ ತಾಯಪ್ಪನ ಗಂಟಲಲ್ಲಿ ಸಿಕ್ಕಿಕೊಂಡಿತು. ಕೆಮ್ಮಿನಿಂದ ಅವನ ಕಣ್ಣಲ್ಲಿ ಬಂದ ನೀರನ್ನು ಊರಿನವರು ಅಭಿಮಾನದ್ದೆಂದು ತಿಳಿದರು.

ಇನ್ನುಳಿದದ್ದು ಒಂದೇ ದಾರಿ. ಟವಲು ಇಲ್ಲದಿದ್ದರೆ ಸೀಟು ಇಲ್ಲ. ಸೀಟು ಬೇರೆಯವರ ಪಾಲಾಯಿತೆಂದು ಮನೆಯಲ್ಲಿ ಹೇಳಿದರಾಯಿತು. ದೀಪ ಹಚ್ಚುವ ಹೊತ್ತಿಗೆ ಮರಿಲಿಂಗಪ್ಪ ಡೀಸೆಲ್ ಡಬ್ಬಿ ತರಲು ಹೋದದ್ದನ್ನು ನೋಡಿ ತಾಯಪ್ಪ ಕಳ್ಳಬೆಕ್ಕಿನಂತೆ ಗಾಡಿಗೆ ಕೈ ಹಾಕಿದ. ಟವಲನ್ನು ಎಳೆದು ಅಂಗಿಯೊಳಗೆ ತುರುಕಿದ. ತನ್ನ ಟವಲು ತಾನೇ ಕದಿಯುವ ಮನುಷ್ಯ ಹುಣಸಗಿಯಲ್ಲಿ ಅವನೊಬ್ಬನೇ.

ಓಣಿಯ ತುದಿಯಲ್ಲಿ ನಿಂತು ಟವಲು ಹೊರತೆಗೆದು ಮುಖ ಒರೆಸಿಕೊಂಡ. ಒರಟೊರಟು. ಗಂಜಿ ಬಿಟ್ಟಿರಲಿಲ್ಲ, ಬೆವರು ಕುಡಿಯಲೊಲ್ಲದು. ಮೂಲೆಯ ನೀಲಿ ಕಲೆ ಹುಡುಕಿದ. ನಾಲ್ಕೂ ಮೂಲೆ ಹುಡುಕಿದ. ಕಲೆ ಇರಲಿಲ್ಲ.

ಮನೆಯೊಳಗೆ ಕಾಲಿಟ್ಟವನಿಗೆ ಗೋಡೆಯ ಗೂಟ ಕಂಡಿತು. ಅದರ ಮೇಲೆ ಕೆಂಪು ಅಂಚಿನ ಟವಲು ನೇತಾಡುತ್ತಿತ್ತು, ಮೂಲೆಯಲ್ಲಿ ಅಂಗೈ ಅಗಲದ ನೀಲಿ ಕಲೆಯೊಂದಿಗೆ. ಬೆಳಗಿನ ಗಡಿಬಿಡಿಯಲ್ಲಿ ಅವನು ಟವಲನ್ನು ಹೆಗಲಿಗೆ ಹಾಕಿಕೊಂಡೇ ಇರಲಿಲ್ಲ.

"ನೋಡ್ತೀರೇನು?" ಎಂದಳು ಮೋನಮ್ಮ, ಬುತ್ತಿಗೆ ರೊಟ್ಟಿ ಬಡಿಯುತ್ತ. "ಮರ್ತು ಹೋಗಿದ್ರಿ. ಕೊಡಾಕ ಅಂತ ಬೆನ್ನ ಹತ್ತಿ ಬಂದೆ. ಗಾಡಿಯೊಳಗ ಕಾಲು ಚಾಚಿ ಕುಂತಿದ್ರಿ. ಮಸಿ ಹತ್ತಿದ ಟವಲ್ ಹಾಕಿದ್ರ ಮುಂದಿನ ಸೀಟಿಗಿ ಮರ್ಯಾದಿ ಇರ್ತದೇನು ಅಂತ ಟ್ರಂಕಿನಾಗಿನ ಹೊಸಾದು ತಂದು ಹಾಕಿದೆ."

ತಾಯಪ್ಪ ಅಲ್ಲೇ ಕುಸಿದು ಕೂತ. ಆ ದಿನ ಅವನು ಮೊದಲ ಸಲ ಖರೇ ಮಾತಾಡಿದ. "ಮೋನಾ, ನನಗ ಅಂಜಿಕಿ ಬರ್ತದ. ಎತ್ತರ ನೋಡಿದ್ರ ಜೀವಾನೇ ಹೋಗ್ತದ."

"ನನಗ ಗೊತ್ತಿಲ್ಲೇನ್ರಿ? ಡ್ಯಾಂ ಮ್ಯಾಲ ಬಳಿ ಒಡದಾಗಿಂದ ಗೊತ್ತದ. ಮೊದಲು ಪ್ರೀತಿ ಅಂತ ತಿಳದಿದ್ದೆ." ಅವಳು ರೊಟ್ಟಿ ಮಗುಚಿದಳು. "ಅಂಜ್ತೀನಿ ಅಂತ ಅವತ್ತೇ ಹೇಳಿದ್ರ ನಾ ಸಮುದ್ರದ ಹೆಸರೇ ತಗೀತಿದ್ದಿಲ್ಲ. ರಜಾ ಇಲ್ಲ, ರಜಾ ಇಲ್ಲ ಅಂತ ನನ್ನ ವಯಸ್ಸೆಲ್ಲ ಕಳದ್ರಿ."

"ಈಗ ಹೇಳೀನಲ್ಲ. ಬಿಡು ಮತ್ತ!"

"ಹ್ಯಾಂಗ ಬಿಡ್ಲಿ? ನಾ ಒಬ್ಬಾಕಿನೇ ಆಗಿದ್ರ ಬಿಡತಿದ್ದೆ. ಊರಿಗೆಲ್ಲ ನೀವು ಹುಲಿ ಆಗಿ ಕುಂತೀರಿ. ಸುಂದ್ರಮ್ಮ ಬಂದು ಹೇಳಿ ಹೋದಳು."

ಅಷ್ಟರಲ್ಲಿ ಬಾಗಿಲು ದಬದಬ ಬಡಿಯಿತು. ಮರಿಲಿಂಗಪ್ಪ ಏದುಸಿರು ಬಿಡುತ್ತ ನಿಂತಿದ್ದ. ಹೆಗಲು ಬರಿದಾಗಿತ್ತು.

"ಸಾಹೇಬ್ರ, ಯಾವನೋ ಹಲ್ಕಟ್ ನಿಮ್ಮ ಟವಲ್ ಕದ್ದಾನ್ರಿ! ನೀವೇನೂ ಅಂಜಬ್ಯಾಡ್ರಿ. ನನ್ನ ಟವಲ್ ಹಾಕಿ, ಸೀಟಿನ ಕಂಬಿಗಿ ಗಂಟು ಬಿಗದು ಬಂದೀನಿ. ಮುಂದಿನ ಸೀಟು ನಿಮ್ಮದೇ!"

ಅವನು ಹೋದ ಮೇಲೆ ತಾಯಪ್ಪ ಬಾಗಿಲು ಹಾಕಿ ಬಂದು ಕೂತ. ಮೋನಮ್ಮ ಎದ್ದು ಗೂಟದ ಮೇಲಿನ ಟವಲು ತೆಗೆದಳು, ಗಂಡನ ಅಂಗಿಯೊಳಗಿನದನ್ನೂ ಎಳೆದು ತೆಗೆದಳು, ಎರಡನ್ನೂ ಮಡಚಿ ಅವನ ತೊಡೆಯ ಮೇಲಿಟ್ಟಳು.

"ಎರಡೂ ತಗೋರಿ. ಹಳೇದು ಬೆವರಿಗಿ."

"ಹೊಸಾದು?"

"ಘಾಟ್ ಬಂದಾಗ ಕಣ್ಣಿಗಿ ಕಟಗೊಳ್ರಿ. ಲೀಡರ್ ಮಲಗ್ಯಾರ ಅಂತ ಹಿಂದಿನವರಿಗಿ ನಾ ಹೇಳ್ತೀನಿ."