ಮೂರು ಸೊನ್ನೆಯ ಕಟಿಂಗ್

ಇನ್ನು ಒಂದು ತಿಂಗಳು ನೋಟು ಮುಟ್ಟುವುದಿಲ್ಲ, ಬ್ಯಾಂಕಿನ ಮೆಟ್ಟಿಲು ಹತ್ತುವುದಿಲ್ಲ, ಕ್ರಿಪ್ಟೊದಲ್ಲೇ ಸಂಸಾರ ನಡೆಸಿ ತೋರಿಸುತ್ತೇನೆ ಎಂದು ಒಂದು ಭಾನುವಾರ ಬೆಳಿಗ್ಗೆ ಘೋಷಿಸಿಯೇಬಿಟ್ಟೆ! ಸಭೆಯಲ್ಲಿ ಇದ್ದವರು ಇಬ್ಬರು: ನನ್ನ ಹೆಂಡತಿ ಮತ್ತು ಕುಕ್ಕರ್. ಕುಕ್ಕರ್ ಶಿಳ್ಳೆ ಹೊಡೆಯಿತು. ಹೆಂಡತಿ ಹೊಡೆಯಲಿಲ್ಲ.

"ರೀ, ಅಡುಗೆಮನೆ ರಿಪೇರಿಗೆ ಅಂತ ಕೊಟ್ಟಿದ್ದೆನಲ್ಲ, ಆ ದುಡ್ಡು ಎಲ್ಲಿದೆ?"

"ಅದನ್ನ ಬಂಧನದಿಂದ ಬಿಡಿಸಿದ್ದೀನಿ ಕಣೇ. ಈಗ ಅದು ಸ್ವತಂತ್ರ."

"ನಲ್ಲಿ ಸೋರ್ತಾ ಇದೆ. ಅದೂ ಸ್ವತಂತ್ರವಾಗೇ ಇದೆ."

ಮಹತ್ಕಾರ್ಯಕ್ಕೆ ಹೊರಟವರು ಇಂಥ ಮಾತಿಗೆಲ್ಲ ಕಿವಿಗೊಡಬಾರದು. ತಲೆಗೂದಲು ಬೆಳೆದಿತ್ತು, ಕ್ರಾಂತಿ ಅಲ್ಲಿಂದಲೇ ಶುರುವಾಗಲಿ ಎಂದು ಕ್ಷೌರದಂಗಡಿಗೆ ನಡೆದೆ.

ಕ್ಷೌರಿಕರು ಹದಿನಾಲ್ಕು ವರ್ಷದಿಂದ ನನ್ನ ತಲೆಯನ್ನೂ ತಲೆಯೊಳಗಿನಿಂದ ಬರುವ ಮಾತನ್ನೂ ಸಹಿಸಿಕೊಂಡು ಬಂದವರು. ಕನ್ನಡಕ ತೆಗೆದಿಟ್ಟು, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ನಾನು ಉಪನ್ಯಾಸ ಆರಂಭಿಸಿದೆ. ಎಡಗಡೆಯ ಕೂದಲು ಇಳಿಯುವಷ್ಟರಲ್ಲಿ ಅವರ ಫೋನಿನಲ್ಲಿ ಕ್ರಿಪ್ಟೊ ಇಡುವ ವಾಲೆಟ್ ಇಳಿದಿತ್ತು.

"ನೋಡಿ, ಈ ಹನ್ನೆರಡು ಪದಗಳೇ ಬೀಗದ ಕೈ. ಕಾಗದದ ಮೇಲೆ ಬರೆದು ಸರ್ಕಾರಕ್ಕೂ ಸಿಗದ ಕಡೆ ಇಡಿ. ಯಾರಿಗೂ ತೋರಿಸಬೇಡಿ."

"ಮನೆಯವರಿಗೂ?"

"ಗಂಡ ಹೆಂಡತಿಗೆ ತೋರಿಸಬಾರದು, ಹೆಂಡತಿ ಗಂಡನಿಗೆ ತೋರಿಸಬಾರದು! ಇನ್ನೊಂದು ಮಾತು. ಒಂದು ಸಲ ಕಳಿಸಿದ್ದು ಕಳಿಸಿದ ಹಾಗೆ. ತಪ್ಪಾಗಿ ಬಂದಿದೆ, ವಾಪಸ್ ಹಾಕಿ ಅಂತ ಯಾರಾದರೂ ಕೇಳಿದರೆ ಅವನು ಕಳ್ಳ ಅಂತ ತಿಳ್ಕೊಳ್ಳಿ."

ಅವರು ಎಲ್ಲವನ್ನೂ ಕೆನ್ನೆಯ ಮೇಲೆ ಕತ್ತಿ ಎಳೆಯುವಷ್ಟೇ ಶ್ರದ್ಧೆಯಿಂದ ಕೇಳಿಸಿಕೊಂಡರು. ಕಟಿಂಗ್ ಮುಗಿಯುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ನೂರೈವತ್ತು ರೂಪಾಯಿಗೆ ಸರಿಯಾದ ಕ್ರಿಪ್ಟೊ ಎಂದರೆ ಸೊನ್ನೆ, ಬಿಂದು, ಮೂರು ಸೊನ್ನೆ, ಒಂದು, ಐದು. ಟೈಪಿಸಿದೆ, ಒತ್ತಿದೆ. ಅವರ ಫೋನು ಟಿಣ್ ಎಂದಿತು.

"ಮೇಷ್ಟ್ರೇ, ಕಟಿಂಗಿಗೆ ಒಂದೂವರೆ ಲಕ್ಷ ಹಾಕಿದ್ದೀರಲ್ಲ?"

ಹೌದು, ನಾನು ಹೈಸ್ಕೂಲಿನ ಗಣಿತ ಮೇಷ್ಟ್ರು. ಬಿಂದುವಿನ ಬಲಕ್ಕೆ ಬರುವ ಸೊನ್ನೆ ಬಿಟ್ಟರೆ ಸಂಖ್ಯೆ ದೊಡ್ಡದಾಗುತ್ತದೆ ಎಂದು ಇಪ್ಪತ್ತು ವರ್ಷದಿಂದ ಮಕ್ಕಳ ಕಿವಿ ಹಿಂಡುತ್ತ ಬಂದವನು. ಕನ್ನಡಕ ಹಾಕಿಕೊಂಡು ನೋಡಿದೆ. ಮೂರು ಸೊನ್ನೆಯೂ ಇಲ್ಲ! ವಾಲೆಟ್‌ನಲ್ಲಿ ಉಳಿದಿದ್ದ ಹಣದಲ್ಲಿ ಒಂದು ಬಾಚಣಿಗೆ ಬರಬಹುದಿತ್ತು. ತಲೆ ಬೋಳಿಸಲು ಕೂತವನು ಕಿಸೆ ಬೋಳಿಸಿಕೊಂಡಿದ್ದೆ.

"ಅದು... ತಪ್ಪಾಗಿ ಬಂದಿದೆ. ವಾಪಸ್ ಹಾಕಿ," ಎಂದೆ.

ಅವರು ಎರಡು ಹೆಜ್ಜೆ ಹಿಂದೆ ಸರಿದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮೇಷ್ಟ್ರೇ, ನೀವಾ!"

"ಅಯ್ಯೋ, ನಾನು ಕಳ್ಳ ಅಲ್ಲ!"

"ಕಳ್ಳನೂ ಹಾಗೇ ಹೇಳ್ತಾನೆ ಅಲ್ವಾ? ನೀವು ನನ್ನ ಪರೀಕ್ಷೆ ಮಾಡ್ತಿದ್ದೀರೋ ಏನೋ. ಇಷ್ಟು ದುಡ್ಡು ಜೇಬಲ್ಲಿಟ್ಕೊಂಡು ಕತ್ತರಿ ಹಿಡಿಯೋಕಾಗಲ್ಲ. ಮನೆಯವಳನ್ನ ಒಂದು ಮಾತು ಕೇಳಿಬಿಡ್ತೀನಿ." ನನ್ನ ಕೊರಳಿನ ಬಟ್ಟೆ ಬಿಚ್ಚಿ, ನನ್ನನ್ನು ಹೊರಗೆ ಕರೆತಂದು, ಅಂಗಡಿಯ ಬಾಗಿಲು ಎಳೆದು ಹೊರಟೇಹೋದರು.

ಎಡಗಡೆ ಪೊಲೀಸ್, ಬಲಗಡೆ ಸನ್ಯಾಸಿ ಎಂಬಂತಿದ್ದ ತಲೆ ಹೊತ್ತು ಮನೆಗೆ ಬಂದೆ. ಬಾಗಿಲು ತೆರೆದ ಹೆಂಡತಿ ಒಂದು ನಿಮಿಷ ನನ್ನನ್ನು ಎಡದಿಂದ ನೋಡಿದಳು, ಒಂದು ನಿಮಿಷ ಬಲದಿಂದ.

"ಅರ್ಧಕ್ಕೇ ದುಡ್ಡು ಖಾಲಿಯಾಯ್ತಾ?"

"ಇಲ್ಲ. ಜಾಸ್ತಿ ಕೊಟ್ಟೆ."

"ಎಷ್ಟು ಜಾಸ್ತಿ?"

ಹೇಳಿದೆ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಸೆರಗಿಗೆ ಕೈ ಒರೆಸಿಕೊಂಡು, ಹೋಗಿ ಸೋರುವ ನಲ್ಲಿಯ ಕೆಳಗಿನ ಬಕೆಟ್ ಬದಲಿಸಿದಳು. ಅದು ಅವಳು ಆರು ವರ್ಷ ಮಕ್ಕಳಿಗೆ ಸಂಗೀತ ಹೇಳಿಕೊಟ್ಟು ಕೂಡಿಸಿದ ದುಡ್ಡು. "ಚಪ್ಪಲಿ ಹಾಕ್ಕೊಳ್ಳಿ. ನಡೀರಿ," ಎಂದಳು.

ಕ್ಷೌರಿಕರ ಮನೆಯಲ್ಲಿ ಅವರ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಗಂಡ ಅಪರಾಧಿಯಂತೆ ಮೂಲೆಯಲ್ಲಿ ನಿಂತಿದ್ದರು. ನಮ್ಮನ್ನು ಕಂಡದ್ದೇ ತಡ ಆಕೆ ಎದ್ದುಬಂದು ನನ್ನ ಹೆಂಡತಿಯ ಕೈ ಹಿಡಿದುಕೊಂಡರು.

"ಅಕ್ಕಾ, ಬೇರೆಯವರ ದುಡ್ಡು ಒಂದು ಗಂಟೆಯಿಂದ ನಮ್ಮನೇಲಿದೆ. ಮೊದಲು ತಗೊಂಡುಹೋಗಿ!"

"ಕೊಡೋಕೆ ನಾನು ರೆಡಿ," ಎಂದರು ಕ್ಷೌರಿಕರು. "ಆದರೆ ಮೇಷ್ಟ್ರಿಗೆ ಹಾಕೋದಾ? ಇನ್ನೊಂದು ಸಲ ಕನ್ನಡಕ ತೆಗೆದರೆ?"

ಇಬ್ಬರು ಹೆಂಗಸರೂ ನನ್ನ ತಲೆ ನೋಡಿದರು. ಬಲಗಡೆಯಲ್ಲಿ ನಿಂತವರಿಗೂ ಎಡಗಡೆಯಲ್ಲಿ ನಿಂತವರಿಗೂ ಒಂದೇ ಅಭಿಪ್ರಾಯ ಬಂತು.

"ನನ್ನ ಫೋನಿಗೆ ಹಾಕಿ," ಎಂದಳು ನನ್ನ ಹೆಂಡತಿ.

ಮುಂದಿನ ಹತ್ತು ನಿಮಿಷ ಕ್ಷೌರಿಕರು ನನ್ನ ಹೆಂಡತಿಗೆ ಪಾಠ ಮಾಡಿದರು. ನನ್ನದೇ ಮಾತು, ಆದರೆ ಅವರು ಹೇಳಿದರೆ ಅರ್ಥವಾಗುತ್ತಿತ್ತು. ಅವಳು ತಲೆದೂಗಿ, ಪ್ರಶ್ನೆ ಕೇಳಿ, ಎರಡು ಬಾರಿ ಬಿಂದುವಿನ ಮುಂದಿನ ಅಂಕಿ ಎಣಿಸಿದಳು. ಹನ್ನೆರಡು ಪದ ಬರೆದುಕೊಳ್ಳುವ ಹೊತ್ತಿಗೆ ಕ್ಷೌರಿಕರು ಕೆಮ್ಮಿದರು.

"ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಸ್ವಲ್ಪ ಗೋಡೆ ಕಡೆ ತಿರುಗಿ. ನೀವು ಹೇಳಿಕೊಟ್ಟಿದ್ದೇ."

ಪಾಠ ಓದದ ಹುಡುಗರನ್ನು ನಾನು ನಿಲ್ಲಿಸುವ ಭಂಗಿಯಲ್ಲೇ ಗೋಡೆಗೆ ಮುಖ ಮಾಡಿ ನಿಂತೆ. ಹಿಂದೆ ಪೆನ್ನು ಸರಸರ ಓಡಿತು. ಟಿಣ್ ಎಂದಿತು. ಆಮೇಲೆ ಉಳಿದರ್ಧ ತಲೆಯನ್ನೂ ಅಲ್ಲೇ ಮುಗಿಸಿಕೊಟ್ಟರು. ನೂರೈವತ್ತನ್ನು ಹೆಂಡತಿಯೇ ಪರ್ಸ್ ತೆಗೆದು ನೋಟಿನಲ್ಲಿ ಕೊಟ್ಟಳು. ನಾನು ಆ ಕಡೆ ನೋಡಲಿಲ್ಲ.

ದಾರಿಯಲ್ಲಿ ಹವಾಮಾನದ ಬಗ್ಗೆ ವಿಚಾರಿಸುವ ಧಾಟಿಯಲ್ಲಿ ಕೇಳಿದೆ: "ಅಂದಹಾಗೆ, ಆ ಹನ್ನೆರಡು ಪದ ಬರೆದ ಚೀಟಿ ಎಲ್ಲಿಟ್ಟೆ?"

"ಸರ್ಕಾರಕ್ಕೂ ಸಿಗದ ಕಡೆ ಇಟ್ಟಿದ್ದೀನಿ," ಎಂದಳು ಹೆಂಡತಿ. "ಯಾಕೆ, ನೀವು ಸರ್ಕಾರಕ್ಕಿಂತ ದೊಡ್ಡವರಾ?"

ಅಲ್ಲ ಎಂದೆ.