ಹದಿನೇಳು ದೋಷಗಳ ಮನೆ

ನನ್ನ ಸೋದರತ್ತೆಯ ಕೈಗೆ ವಿಧಾನಸೌಧವನ್ನೇ ಮಾರಲು ಕೊಟ್ಟರೂ ಅದು ಮಾರಾಟವಾಗುವುದಿಲ್ಲ. ಬಂದ ಗಿರಾಕಿಯನ್ನು ಗೇಟಿನಲ್ಲೇ ನಿಲ್ಲಿಸಿ, "ಮೊದಲ ಹೇಳಿಬಿಡ್ತೀನ್ರಿ. ಮೆಟ್ಟಲಾ ಭಾಳ ಅದಾವು. ಕಸಾ ಹೊಡ್ಯಾಕ ಒಂದು ಊರ ಮಂದಿ ಬೇಕು. ಒಳಗಿನ ಗದ್ದಲಾ ಅಂತೂ ಕೇಳಬ್ಯಾಡ್ರಿ" ಎನ್ನುತ್ತಾಳೆ. ಬಂದವನಿಗೆ ಬಂದ ದಾರಿಗೆ ಸುಂಕವಿಲ್ಲ!

ಉತ್ಪ್ರೇಕ್ಷೆ ಎನ್ನುತ್ತೀರಾ? ಅವಳು ಅಬ್ಬಿಗೆರೆಯ ತನ್ನ ಮನೆಯನ್ನು ಮಾರಲು ಹೊರಟ ಆ ಮೂರು ತಿಂಗಳು ನೀವು ನನ್ನ ಜೊತೆಗಿರಬೇಕಿತ್ತು.

ಅತ್ತೆ ಗದಗಿನ ಕಡೆಯವಳು. ಇಪ್ಪತ್ತೆರಡರ ವಯಸ್ಸಿಗೆ ಒಂದು ಟ್ರಂಕು ಹಿಡಿದು ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದಕ್ಕೆ ಬಂದು, ನಿವೃತ್ತಿಯವರೆಗೂ ಇನ್ಸ್‌ಪೆಕ್ಷನ್ ವಿಭಾಗದಲ್ಲೇ ಕೂತವಳು. ಮುಂದೆ ಬಂದ ಬಿಡಿಭಾಗವನ್ನು ಬೆಳಕಿಗೆ ಹಿಡಿದು ಊನ ಹುಡುಕುವುದೇ ಅವಳ ಕೆಲಸ. ಮದುವೆಯಾಗಲಿಲ್ಲ. ನೋಡಲು ಬಂದ ವರಗಳನ್ನೂ ಬೆಳಕಿಗೆ ಹಿಡಿದಿದ್ದಳು ಎಂದು ನಮ್ಮಪ್ಪ ಹೇಳುತ್ತಾರೆ. ಕಾರ್ಖಾನೆ ಬಿಟ್ಟರೂ ಕಣ್ಣು ಬಿಡಲಿಲ್ಲ. ಮನೆಯ ಗೋಡೆಗಳಲ್ಲಿ ಎಲ್ಲಿ ಕೂದಲೆಳೆಯ ಬಿರುಕು ಕಂಡರೂ ಅದರ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ತಾರೀಖು ಬರೆಯುತ್ತಿದ್ದಳು. ಬಿರುಕು ಗೆರೆ ದಾಟಿದರೆ ಬೆಳೆದಿದೆ ಎಂದರ್ಥ, ದಾಟದಿದ್ದರೆ ಇಲ್ಲ. ಇವತ್ತಿಗೂ ಅವಳ ಸೊಂಟದಲ್ಲಿ ಬೀಗದ ಕೈಯ ಜೊತೆ ಒಂದು ಮೋಟು ಪೆನ್ಸಿಲ್ ಸಿಕ್ಕಿಕೊಂಡಿರುತ್ತದೆ.

ಪಿ.ಯು.ಸಿ.ಗೆಂದು ಬೆಂಗಳೂರಿಗೆ ಬಂದ ನಾನು ಐದು ವರ್ಷ ಅವಳ ಮನೆಯಲ್ಲಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳನ್ನು ತಂದರೆ, "ಹಿಡಿಕಿ ಸೊಟ್ಟ ಐತಿ" ಎನ್ನುತ್ತಿದ್ದಳು. ಆ ಐದು ವರ್ಷದಲ್ಲಿ ಅವಳ ಬಾಯಿಂದ "ಶಾಬಾಸ್" ಎಂಬ ಶಬ್ದ ಕೇಳಿದ ನೆನಪಿಲ್ಲ. ನನ್ನ ಅಕ್ಷರ ಕೆಟ್ಟದ್ದು, ಕಿವಿ ದೊಡ್ಡದು, ನಾಲಿಗೆ ಉದ್ದ. ಮೂರೂ ನಿಜ, ಆ ಮಾತು ಬೇರೆ. ಈಗ ಯಶವಂತಪುರದ ಪಿ.ಜಿ.ಯೊಂದರಲ್ಲಿದ್ದುಕೊಂಡು, ವಕೀಲರೊಬ್ಬರ ಕೈಕೆಳಗೆ ಅದೇ ನಾಲಿಗೆಯಿಂದ ಅನ್ನ ಹುಟ್ಟಿಸಿಕೊಳ್ಳುತ್ತಿದ್ದೇನೆ.

ಮನೆ ಮಾರುವ ಕಾರಣ ಅವಳ ಮಂಡಿ. ಕೋಣೆಗಳು ಮಹಡಿಯಲ್ಲಿ, ಅಡುಗೆಮನೆ ಕೆಳಗೆ, ನಡುವೆ ಗೋಡೆಯಂತೆ ನೆಟ್ಟಗೆ ನಿಂತ ಮೆಟ್ಟಿಲು. ಅಲ್ಲಾಳಸಂದ್ರದಲ್ಲಿ ಲಿಫ್ಟ್ ಇರುವ ಪುಟ್ಟ ಫ್ಲ್ಯಾಟೊಂದನ್ನು ಅತ್ತೆ ಮೆಚ್ಚಿಕೊಂಡಳು. ಅತ್ತೆ ಒಂದನ್ನು ಮೆಚ್ಚುವುದೆಂದರೆ ಸಣ್ಣ ಮಾತೇ! ಅಡುಗೆಮನೆಯ ಕಿಟಕಿಯಿಂದ ಕೆರೆಯ ಒಂದು ಅಂಚು ಕಾಣುತ್ತಿತ್ತು. ಮುಂಗಡ ಕೊಟ್ಟಾಯಿತು. ಮೂರು ತಿಂಗಳೊಳಗೆ ಅಬ್ಬಿಗೆರೆಯ ಮನೆ ಮಾರಿ ಉಳಿದದ್ದನ್ನು ಕೊಡದಿದ್ದರೆ ಮುಂಗಡವೂ ಹೋಯಿತು, ಕೆರೆಯೂ ಹೋಯಿತು.

ಇಷ್ಟು ಅವಸರವಿದ್ದವಳು ಮಾಡಿದ ಮೊದಲ ಕೆಲಸವೇನು ಗೊತ್ತೆ? ಗೆರೆ ಹಾಕಿದ ಹಾಳೆಯಲ್ಲಿ ಮನೆಯ ದೋಷಗಳ ಪಟ್ಟಿ ಬರೆದಳು. ಒಟ್ಟು ಹದಿನೇಳು. ಒಂದು: ಬಚ್ಚಲ ನೀರು ತೂಬಿನ ಕಡೆ ಹೋಗದೆ ಬಾಗಿಲ ಕಡೆ ಹರಿಯುತ್ತದೆ. ಎರಡು: ಮಳೆ ಜೋರಾದರೆ ರಸ್ತೆಯ ನೀರು ಗೇಟಿನ ಒಳಗೆ ಬರುತ್ತದೆ. ಹೀಗೆ. ಹತ್ತು ಜೆರಾಕ್ಸ್ ಮಾಡಿಸಿ, ಮನೆ ನೋಡಲು ಬಂದವರಿಗೆ ಚಹಾ, ಒಗ್ಗರಣೆ ಚುರುಮುರಿಯ ಜೊತೆಗೆ ಒಂದೊಂದು ಪ್ರತಿ ಹಂಚತೊಡಗಿದಳು.

"ಅತ್ತಿ, ಕೋರ್ಟಿನ್ಯಾಗ ಯಾರರ ತಮ್ಮ ವಿರುದ್ಧ ತಾವ ಸಾಕ್ಷಿ ಹೇಳ್ತಾರೇನು? ಎದುರು ಪಾರ್ಟಿ ವಾದಾ ನೀನ ಮಂಡಿಸಿದ್ರ ಹೆಂಗ?"

"ಅವರು ಹುಡುಕಿದ್ರ ಕಳವು. ನಾ ಹೇಳಿದ್ರ ಮಾಹಿತಿ."

ನನ್ನ ಬಳಿ ಪ್ರತಿವಾದವಿತ್ತು. ಅವಳು ಎದ್ದು ಹೋಗಿದ್ದಳು.

ಮೊದಲು ಬಂದವರು ಆರ್.ಟಿ. ನಗರದಲ್ಲಿ ಸೋಫಾ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಗಂಡ ಹೆಂಡತಿ. ತಮ್ಮೊಳಗೆ ದಖನಿ ಉರ್ದುವಿನಲ್ಲಿ, ನಮ್ಮೊಂದಿಗೆ ಕನ್ನಡದಲ್ಲಿ ಮಾತು. ಹೆಂಡತಿ ಹಾಳೆಯನ್ನು ಓದಿದರು, ಗಂಡ ಓದಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇದು ಇಟ್ಕೋಬಹುದಾ ಅಮ್ಮಾ?" ಎಂದು ಹಾಳೆಯನ್ನು ಮಡಿಚಿ ಜೇಬಿಗಿಟ್ಟು ಹೊರಟೇಹೋದರು. ಹೋಗುವಾಗ ಚುರುಮುರಿ ಚೆನ್ನಾಗಿದೆ ಎಂದರು. ಮನೆಯ ಬಗ್ಗೆ ಏನೂ ಹೇಳಲಿಲ್ಲ. "ಹೋದ್ರು ನೋಡು" ಎಂದೆ ನಾನು, ತೀರ್ಪುಗಾರರ ಕಡೆ ತಿರುಗುವ ಹಳೆಯ ಚಾಳಿಯಲ್ಲಿ ಗೋಡೆಯ ಕಡೆ ತಿರುಗಿ.

ಆಮೇಲೆ ಬಂದವರು ಪಕ್ಕದ ಸಿಂಗಾಪುರ ಬಡಾವಣೆಯ ಒಬ್ಬ ಯಜಮಾನರು. ದಿಕ್ಸೂಚಿ ಹಿಡಿದು ಮನೆಯೆಲ್ಲ ಸುತ್ತಿ, "ಈಶಾನ್ಯ ಮೂಲೆ ಕಟ್ ಆಗಿದೆ ಕಣಮ್ಮ. ರೇಟು ಇಳಿಸ್ಬೇಕು. ಇದನ್ನ ನಿಮ್ ಲಿಸ್ಟಲ್ಲಿ ಹಾಕೇ ಇಲ್ವಲ್ಲ!" ಎಂದರು. ಅತ್ತೆ ಗಂಭೀರವಾಗಿ ಪೆನ್ಸಿಲ್ ಹೊರತೆಗೆದಳು. "ಎಷ್ಟು ಮಿಲಿಮೀಟರ್ ಕಟ್ ಆಗೇತ್ರಿ?" ಅವರು ದಿಕ್ಸೂಚಿಯನ್ನೇ ಇನ್ನೊಮ್ಮೆ ತಿರುಗಿಸಿದರು. "ಅಳಿಯಾಕ ಬರದ್ದನ್ನ ಪಟ್ಟಿಗೆ ಹಾಕಂಗಿಲ್ರಿ" ಎಂದು ಪೆನ್ಸಿಲನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದಳು. ಎರಡನೇ ಗಿರಾಕಿಯೂ ಹೋದ.

ಇನ್ನು ಸುಮ್ಮನಿದ್ದರೆ ಕೆಲಸ ಕೆಟ್ಟಿತೆಂದು ನಾನು ಕಣಕ್ಕಿಳಿದೆ. ಪಟ್ಟಿಯಲ್ಲಿ ಒಂಬತ್ತನೆಯದು ಬಚ್ಚಲ ಗೋಡೆಯ ತೇವ. ಅದನ್ನಾದರೂ ಸರಿಮಾಡಿಸೋಣ ಎಂದು ನೀರು ಸೋರಿಕೆ ತಡೆಯುವವನೊಬ್ಬನನ್ನು ಕರೆತಂದೆ. ಹಳದಿ ಕಾರ್ಡು, ಹಳದಿ ಟೋಪಿ, ಕೈಯಲ್ಲಿ ಎರಡು ಮುಳ್ಳಿನ ಮೀಟರು. ಗೋಡೆಗೆ ಮುಟ್ಟಿಸಿದರೆ ಮೀಟರು ಕೀಂ ಎಂದು ಅರಚುತ್ತಿತ್ತು.

"ಫುಲ್ ಲೀಕೇಜು ಮೇಡಂ. ಗೋಡೆ ಒಳಗೆಲ್ಲ ನೀರೇ ನೀರು. ಕೆಮಿಕಲ್ ಹೊಡೀಲಿಲ್ಲ ಅಂದ್ರೆ ಆರು ತಿಂಗಳು, ಅಷ್ಟೇ."

ಹಜಾರದ ಗೋಡೆ, ಕೀಂ. ಅಡುಗೆಮನೆ, ಕೀಂ. ಹತ್ತು ವರ್ಷದಿಂದ ಹನಿ ನೀರು ಕಾಣದ ದೇವರ ಗೂಡು, ಅಲ್ಲೂ ಕೀಂ! ಅವನ ಹೆಬ್ಬೆರಳು ಹಿಡಿಕೆಯ ಹಿಂದೆ ಏನೋ ಮಾಡುತ್ತಿದೆ ಎಂದು ನನಗೆ ಆಗಲೇ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ದೇವರಿಂದ ಹಿಡಿದು ಹವಾಮಾನ ವರದಿಯವರೆಗೆ ಎಲ್ಲವನ್ನೂ ಸಂಶಯದಿಂದ ನೋಡುವ ನಾನು ಒಂದು ಯಂತ್ರ ಕೂಗಿದ ತಕ್ಷಣ ಭಕ್ತಳಾಗಿಬಿಟ್ಟಿದ್ದೆ. ಅತ್ತೆ ಮಾತ್ರ, "ಕೊಡಪಾ ಇಲ್ಲೆ, ನೋಡೂಣು" ಎಂದು ಮೀಟರನ್ನು ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿ, ಅದೇ ಗೋಡೆಗೆ ತಾನೇ ಮುಟ್ಟಿಸಿದಳು. ಸದ್ದಿಲ್ಲ. ಆಮೇಲೆ ಅವನ ಅಂಗೈಗೆ ಮುಟ್ಟಿಸಿದಳು. ಕೀಂ!

"ಗ್ವಾಡಿ ನೆಟ್ಟಗ ಐತಿ. ಸೋರಾಕತ್ತಿದ್ದು ನೀನ."

ಅವನು ಚಹಾ ಕೂಡ ಕುಡಿಯಲಿಲ್ಲ. ಹಳದಿ ಕಾರ್ಡು ಮಾತ್ರ ಮೇಜಿನ ಮೇಲೆ ಉಳಿಯಿತು. ಅತ್ತೆ ಯಾವ ಕಾಗದವನ್ನೂ ಬಿಸಾಡುವವಳಲ್ಲ.

ಸೋಲೊಪ್ಪುವ ಜಾಯಮಾನ ನನ್ನದಲ್ಲ. ಮದುವೆಯೊಂದಕ್ಕೆಂದು ಅತ್ತೆ ನಾಲ್ಕು ದಿನ ಗದಗಿಗೆ ಹೋದಾಗ ಪೇಂಟರುಗಳನ್ನು ಕರೆಸಿದೆ. ಬಿರುಕಿಗೆಲ್ಲ ಪುಟ್ಟಿ ತುಂಬಿಸಿ, ತಿಳಿ ಕೆನೆ ಬಣ್ಣ ಹೊಡೆಸಿದೆ. ಮಹಡಿಯ ಹಜಾರದ ಬೀರು ಜಗ್ಗಲಿಲ್ಲವೆಂದು ಅದರ ಹಿಂದೆ ಮಾತ್ರ ಹಾಗೇ ಬಿಟ್ಟರು. ಮನೆ ಮದುಮಗಳಂತಾಯಿತು. ಅತ್ತೆ ಬಂದಳು. ಚೀಲ ಕೆಳಗಿಡದೆ ಗೋಡೆಯಿಂದ ಗೋಡೆಗೆ ನಡೆದಳು. ಒಂದೂ ಗೆರೆಯಿಲ್ಲ, ಒಂದೂ ತಾರೀಖಿಲ್ಲ.

"ಎಲ್ಲಾ ಅಳಿಸಿದ್ಯಾ?"

"ಚಂದ ಕಾಣ್ತದಲ್ಲ ಅತ್ತಿ!"

"ಬಿರುಕು ಐತಿ ಅನ್ನೂದಷ್ಟ ಅಲ್ಲವಾ ಅದು. ಬೆಳಿದಿಲ್ಲ ಅನ್ನೂದಕ್ಕ ಅದ ಸಾಕ್ಷಿ ಇತ್ತು." ಬೈಯಲಿಲ್ಲ. ಬೈದಿದ್ದರೆ ನಾನು ಗೆಲ್ಲುತ್ತಿದ್ದೆ.

ಬಣ್ಣ ನೋಡಿ ಬಂದ ಮೊದಲ ಗಿರಾಕಿಗೆ ಬೆರಳಿಗೊಂದರಂತೆ ಉಂಗುರ. "ಅಮ್ಮಾ, ನೀವು ನಮ್ ತಾಯಿ ಇದ್ದಂಗೆ. ಮನೆ ನಮ್ದೇ. ಮಾತು ಕೊಟ್ಟಾಯ್ತು, ಇನ್ನು ಬೇರೆಯವ್ರಿಗೆ ತೋರಿಸ್ಬೇಡಿ." ಅತ್ತೆ ಕೊಟ್ಟ ಪಟ್ಟಿಯನ್ನು ನೋಡದೆಯೇ ಚುರುಮುರಿಯ ಎಣ್ಣೆ ಒರೆಸಿಕೊಂಡರು. ಇವತ್ತು ಅಗ್ರಿಮೆಂಟು, ನಾಳೆ ಅಗ್ರಿಮೆಂಟು ಎನ್ನುತ್ತ ತಿಂಗಳೊಂದನ್ನು ತಳ್ಳಿದರು. ಅತ್ತೆ ಮಾತಿಗೆ ಕಟ್ಟುಬಿದ್ದು ಬಂದವರನ್ನೆಲ್ಲ ವಾಪಸು ಕಳಿಸಿದಳು. ಅಲ್ಲಾಳಸಂದ್ರದ ಗಡುವಿಗೆ ಹನ್ನೆರಡು ದಿನ ಉಳಿದಿದೆ ಎಂದಾಗ ಉಂಗುರದವರು ಒಬ್ಬ 'ಎಂಜಿನಿಯರ್' ಜೊತೆ ಬಂದಿಳಿದರು.

ಎಂಜಿನಿಯರ್ ನೇರವಾಗಿ ಮಹಡಿಗೆ ಹತ್ತಿ ನನ್ನ ಹಳೆಯ ಕೋಣೆಯ ಬಾಗಿಲ ಮುಂದೆ ನಿಂತ. ಚೌಕಟ್ಟಿನ ಪಕ್ಕದಲ್ಲಿ, ಬೀರುವಿನ ಮೇಲ್ಗಡೆ, ಹೊಸ ಬಣ್ಣದೊಳಗಿಂದ ಸಣ್ಣ ಸೀಳೊಂದು ಮತ್ತೆ ಇಣುಕಿತ್ತು.

"ನೋಡಿ ಸಾರ್. ಪೇಂಟ್ ಹೊಡೆದು ಒಂದೂವರೆ ತಿಂಗಳಾಗಿಲ್ಲ, ಆಗ್ಲೇ ಕ್ರ್ಯಾಕು. ಅಂದ್ರೆ ಫೌಂಡೇಶನ್ ಕೂರ್ತಾ ಇದೆ. ಮುಚ್ಚಿಡೋಕೆ ಬಣ್ಣ ಹೊಡ್ಸಿದ್ದಾರೆ."

ಉಂಗುರದವರು ನೊಂದ ಮಗನ ಮುಖ ಮಾಡಿದರು. "ಏನಮ್ಮಾ ಹಿಂಗ್ ಮಾಡ್ಬಿಟ್ರಿ? ಸರಿ, ಒಂದೋ ರೇಟಲ್ಲಿ ಕಾಲು ಭಾಗ ಬಿಡಿ. ಇಲ್ಲಾ, ರಿಜಿಸ್ಟ್ರೇಷನ್‌ಗೆ ಮುಂಚೆ ನಮ್ ಹುಡುಗ್ರ ಕೈಲಿ ಫೌಂಡೇಶನ್ ರಿಪೇರಿ ಮಾಡಿಸ್ಕೊಡಿ, ಖರ್ಚು ನಿಮ್ದು." ಎಂಜಿನಿಯರ್ ಜೇಬಿನಿಂದ ರಿಪೇರಿಯವರ ಕಾರ್ಡು ತೆಗೆದುಕೊಟ್ಟ.

ಹಳದಿ ಕಾರ್ಡು!

ನನಗೆ ಎಲ್ಲ ಒಮ್ಮೆಗೇ ಹೊಳೆಯಿತು. ವಾದಿಸಲು ಬಾಯಿ ತೆರೆದೆ. ಏನೆಂದು ವಾದಿಸಲಿ? ಬಣ್ಣ ಹೊಡೆಸಿದವಳು ನಾನೇ. ಮುಚ್ಚಿಡಲೆಂದೇ ಹೊಡೆಸಿದ್ದೆ. ಸಾಕ್ಷಿ ಅಳಿಸಿದವಳೂ ನಾನೇ. ಕಳ್ಳರು ನಮ್ಮ ಬಗ್ಗೆ ಹೇಳಿದ್ದರಲ್ಲಿ ಅರ್ಧ ನಿಜವಾಗಿತ್ತು.

ಅತ್ತೆ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದಳು. "ಆ ಬೀರು ಸರಸ್ರಿ" ಎಂದಳು.

"ಯಾಕಮ್ಮಾ?"

"ಕಾಲು ಭಾಗ ಬಿಡಬೇಕಂದ್ರ ಬಿರುಕು ಪೂರಾ ನೋಡಬೇಕಲ್ರಿ?"

ಉಂಗುರದವರೂ ಎಂಜಿನಿಯರನೂ ಉಸಿರು ಬಿಗಿಹಿಡಿದು ತಳ್ಳಿದರು. ಬೀರು ಕಿರುಗುಟ್ಟುತ್ತ ಸರಿಯಿತು. ಹಿಂದೆ ಹಳೆಯ ಸುಣ್ಣದ ಗೋಡೆ. ಬಿರುಕು ಗೇಣುದ್ದ ಇಳಿದು, ಒಂದು ಪೆನ್ಸಿಲ್ ಗೆರೆಯ ಮುಂದೆ ನಿಂತಿತ್ತು. ಪಕ್ಕದಲ್ಲಿ ಒಂದರ ಕೆಳಗೊಂದು ತಾರೀಖುಗಳು, ಪ್ರತಿಯೊಂದರ ಮುಂದೆ ಸಣ್ಣಕ್ಷರ.

"ಓದ್ರಿ. ನನಗ ಚಸ್ಮಾ ಇಲ್ಲ."

ಎಂಜಿನಿಯರ್ ಬಗ್ಗಿ ಓದಿದ. "'ಮೈಸೂರಿನ ಡಿಬೇಟ್ ಸೋತು ಬಂದಳು. ಬಾಗಿಲು ಬಡಿದಳು. ಬಿರುಕು ಅಷ್ಟೇ ಇದೆ.'" ತಲೆಯೆತ್ತಿ ನನ್ನನ್ನು ನೋಡಿದ. "ಇದೇನಮ್ಮಾ?"

"ಮುಂದ ಓದ್ರಿ. ತಾರೀಖಾನೂ ನೋಡ್ರಿ."

"'ಅಪ್ಪನ ಜೊತೆ ಫೋನಿನಲ್ಲಿ ಜಗಳ. ಬಾಗಿಲು ಬಡಿದಳು. ಊಟ ಮಾಡಲಿಲ್ಲ. ಬಿರುಕು ಅಷ್ಟೇ.' 'ಬಾಗಿಲು ಬಡಿದಳು. ಕಾರಣ ಹೇಳಲಿಲ್ಲ. ಬಹಳ ಹೊತ್ತು ಅತ್ತಳು. ಬಿರುಕು ಅಷ್ಟೇ.' 'ಫೈನಲ್ ಗೆದ್ದಳು. ಖುಷಿಗೂ ಬಾಗಿಲು ಬಡಿದಳು. ಬಿರುಕು ಅಷ್ಟೇ.'"

ಐದು ವರ್ಷ ಆ ಬಾಗಿಲ ಒಳಗೆ ನಾನು ಜಗತ್ತಿನ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದೆ. ಹೊರಗೆ ಯಾರಾದರೂ ನಿಂತಿರಬಹುದು ಎಂದು ಒಮ್ಮೆಯೂ ಅಂದುಕೊಂಡಿರಲಿಲ್ಲ.

"'ಪಿ.ಜಿ.ಗೆ ಹೋದಳು,'" ಎಂದು ಅವನು ಕೊನೆಯದನ್ನು ಓದಿದ. ಈಗ ಅವನ ದನಿ ಯಾಕೋ ಸಣ್ಣದಾಗಿತ್ತು. "'ಇನ್ನು ಬಡಿಯುವವರಿಲ್ಲ. ಬೀರು ಇಲ್ಲಿಗೆ ತರಿಸಿದೆ.'"

"ಆ ಗೆರಿ ಎಳದು ಎಂಟು ವರ್ಷ ಆತ್ರಿ, ಇನ್ನೂ ದಾಟಿಲ್ಲ" ಎಂದಳು ಅತ್ತೆ. "ಈ ಹುಡುಗಿ ಬಡದಾಗ ಜಗ್ಗದ ಗ್ವಾಡಿ, ನೀವು ನೋಡಿದ ಕೂಡಲೆ ಕುಸಿಯಾಕ ಹತ್ತೇತೇನು? ಮ್ಯಾಲೆ ಕಾಣೂದು ಪುಟ್ಟಿ ಒಣಗಿ ಬಿಟ್ಟ ಸೀಳು. ಈ ಕಾರ್ಡು ತಗೋರಿ. ನನ್ನ ಕಡೆ ಒಂದು ಮೊದಲ ಐತಿ."

ಅವರು ಹೋದರು. ಬೀರು ವಾಪಸು ತಳ್ಳಿಕೊಡಿ ಎಂದರೆ ಅದನ್ನೂ ಮಾಡಲಿಲ್ಲ.

ಕಳ್ಳರು ಹೋದರೇನು, ಹನ್ನೆರಡು ದಿನ ಹನ್ನೆರಡಾಗಿಯೇ ಉಳಿದಿತ್ತು. ಒಂಬತ್ತಾಯಿತು, ಏಳಾಯಿತು. ಅತ್ತೆ ಕೆರೆಯ ಮಾತೆತ್ತುವುದನ್ನೇ ಬಿಟ್ಟಳು. ಆರು ದಿನ ಉಳಿದಿದ್ದಾಗ ಗೇಟಿನ ಸದ್ದಾಯಿತು. ಆರ್.ಟಿ. ನಗರದ ಸೋಫಾ ದಂಪತಿ, ಜೊತೆಗೊಬ್ಬ ಮುದುಕ ಮೇಸ್ತ್ರಿ. ಮಡಿಚಿ ಮಡಿಚಿ ಮೆತ್ತಗಾದ ಆ ಹಾಳೆ ಅವರ ಕೈಯಲ್ಲೇ ಇತ್ತು. ಬಣ್ಣ ಹೊಡೆಸಿದವಳು ನಾನು ಎಂದು ಅತ್ತೆ ಮೊದಲೇ ಹೇಳಿಬಿಟ್ಟಳು, ನನ್ನ ಎದುರೇ. ಅವರು ಎರಡು ತಾಸು ಮನೆಯೆಲ್ಲ ತಟ್ಟಿದರು, ಕುಟ್ಟಿದರು, ತಾರಸಿ ಹತ್ತಿದರು.

"ಎರಡು ತಿಂಗಳು ಬೇರೆ ಮನೆಗಳು ನೋಡಿದ್ವಿ ಅಮ್ಮಾ" ಎಂದರು ಹೆಂಡತಿ. "ಎಲ್ಲಾರೂ ಏನೂ ಪ್ರಾಬ್ಲಂ ಇಲ್ಲಾ ಅಂತಾರೆ. ನಮಗೆ ಭಯ ಆಯ್ತು."

ಗಂಡ ಹಾಳೆ ಬಿಡಿಸಿದರು. "ನಮ್ದು ಸೋಫಾ ಕೆಲಸ. ಮೇಲಿನ ಬಟ್ಟೆ ನೋಡಿ ನಾವು ಏನೂ ತಗೊಳ್ಳಲ್ಲ. ನಿಮ್ ಲಿಸ್ಟಲ್ಲಿ ಹದಿನೇಳು ಇದೆ. ಮೇಸ್ತ್ರಿ ಆಗಿಂದ ಹುಡುಕ್ತಾ ಇದಾರೆ, ಹದಿನೆಂಟನೇದು ಸಿಗ್ತಾ ಇಲ್ಲ. ಕೊಟ್ಬಿಡಿ ಅಮ್ಮಾ."

ಅತ್ತೆ ತಾನು ಹೇಳಿದ ಬೆಲೆಗೇ ಕೊಟ್ಟಳು. ಗಡುವಿಗೆ ಒಂದು ದಿನ ಮೊದಲು ಅಲ್ಲಾಳಸಂದ್ರದ ಲೆಕ್ಕ ಚುಕ್ತಾ ಆಯಿತು. ಚರ್ಚೆಯಲ್ಲಿ ಸೋತಾಗ ಎದುರಾಳಿಯ ಕೈ ಕುಲುಕಬೇಕೆಂಬ ನಿಯಮವಿದೆ. ಕುಲುಕಿದೆ. "ಕೈ ತಣ್ಣಗ ಐತಿ, ಸ್ವೆಟರ್ ಹಾಕ್ಕೊ" ಎಂದಳು.

ಕೀ ಕೊಡುವ ದಿನ ಮನೆ ಖಾಲಿಯಿತ್ತು. ಅತ್ತೆ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು, ನನ್ನ ಕೋಣೆಯ ಮುಂದೆ ನಿಂತು, ಹೊಸ ಒಡತಿಯ ಕಡೆ ತಿರುಗಿದಳು. "ಈಗ ನಿಮ್ಮ ಬಾಗಿಲಾರೀ ಇದು. ಒಂದ ಸಲ ಬಡೀಲೇನು ಈ ಹುಡುಗಿ?"

ಆಕೆಗೆ ಏನೂ ಅರ್ಥವಾದಂತೆ ಕಾಣಲಿಲ್ಲ. ಆದರೂ ಹೂಂ ಎಂದರು.

ನಾನು ಒಳಗೆ ಹೋಗಿ ಬಾಗಿಲು ಎಳೆದೆ.

"ಇದೇನ ಬಡಿಯೂದು? ಉಣ್ಣಾಕ ಹಾಕಿಲ್ಲೇನ ನಾ ನಿನಗ ಐದು ವರ್ಷ? ಮೊದಲಿನಂಗ ಬಡಿ!"

ಬಡಿದೆ. ಖಾಲಿ ಮನೆಯೆಲ್ಲ ಸದ್ದಾಯಿತು. ಈ ಸಲ ಒಳಗೆ ನಿಂತು ಕಿವಿಗೊಟ್ಟೆ. ಹೊರಗೆ ಬಳೆಯ ಸದ್ದು, ಮಂಡಿ ಊರಿ ಬಗ್ಗುವಾಗಿನ "ಯವ್ವಾ" ಎಂಬ ನರಳಿಕೆ, ಆಮೇಲೆ ಗೋಡೆಯ ಮೇಲೆ ಮೋಟು ಪೆನ್ಸಿಲ್ ಎಳೆಯುವ ಸದ್ದು.

ಬರೆದು ಮುಗಿಯುವವರೆಗೂ ನಾನು ಬಾಗಿಲು ತೆರೆಯಲಿಲ್ಲ.